ನಾಲೆ ಏರಿ: ಅರ್ಕಾವತಿ ಮತ್ತು ಕಣ್ವ ಕಣಿವೆಗಳು

ನಾಲೆ ಏರಿ ಎಂದರೆ ನಾಲೆಯ ದಂಡೆಗುಂಟ ಸಾಗುವ ಕಾಲುದಾರಿ. ಯುರೋಪಿನಲ್ಲಿ ಇಂಥ ದಾರಿ ಬೆಳೆದದ್ದು ಸರಕಿನ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕುದುರೆಗಳಿಗಾಗಿ. ದಕ್ಷಿಣ ಭಾರತದಲ್ಲಿ ದೋಣಿ ಓಡಿದ್ದು ತುಂಗಭದ್ರೆಯ ಸುಂಕೇಸುಲದಿಂದ 1860ರ ದಶಕದಲ್ಲಿ ತೋಡಲು ತೊಡಗಿದ ಕರ್ನೂಲು–ಕಡಪ ಕಾಲುವೆಯಂಥವುಗಳಲ್ಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನಾಲೆಗಳು ಗದ್ದೆಗೆಂದೇ ಹುಟ್ಟಿದವು. ಇಲ್ಲಿ ಏರಿಯ ಮೇಲೆ ದಾರಿ ಸವೆಸಿದವನು ನೀರುಗಂಟಿ. ತೂಬು ಎತ್ತುವುದು, ಸರದಿಯಂತೆ ನೀರು ಬಿಡುವುದು, ರಾತ್ರಿ ಯಾರೋ ಕೊರೆದ ಗಂಡಿಯನ್ನು ಬೆಳಗಾಗುವಷ್ಟರಲ್ಲಿ ಮುಚ್ಚುವುದು ಅವನ ಕೆಲಸವಾಗಿತ್ತು. ಸುಗ್ಗಿಯಲ್ಲಿ ಕಣದಿಂದ ಸಿಗುತ್ತಿದ್ದ ಕಾಳು ಅವನ ಸಂಬಳವಾಗಿತ್ತು.

ಈ ಸೀಮೆಯ ಹಳೆಯ ನಾಲೆಗಳು ಕೆರೆಗಳ ತೂಬಿನಿಂದ ಹೊರಟ ಚಿಕ್ಕ ಕಾಲುವೆಗಳು. ಕೆಂಪೇಗೌಡ ವಂಶದ ಹೆಸರು ಹೊತ್ತ ಮಾಗಡಿಯ ಕೆಂಪಸಾಗರ ಆ ವಂಶದ ಕಾಲದ್ದು. ಹೂಳು ತುಂಬಿದ ಇಂಥ ಕಾಲುವೆಗಳನ್ನು ಗುರುತಿಸಲು ಕೆರೆಯ ತೂಬಿನಿಂದ ಕೆಳಗಿಳಿಯುವುದೇ ಲೇಸು. ಹೊಂಗೆ ಸಾಲು, ಕಲ್ಲು ಚಪ್ಪಡಿಯ ಮೋರಿ, ಒತ್ತುವರಿಯಾದ ತಗ್ಗು ಕಣ್ಣಿಗೆ ಬೀಳುತ್ತವೆ.

ಅರ್ಕಾವತಿಯ ನೀರು ಹೊಲ ಬಿಟ್ಟು ಬೆಂಗಳೂರು ನಗರದ ಕಡೆ ತಿರುಗಿದ್ದು 1890ರ ದಶಕದಲ್ಲಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದಲ್ಲಿ ನೀರು ನಿಲ್ಲಿಸಿ, ಇಟ್ಟಿಗೆ ಕಾಲುವೆಯಲ್ಲಿ ತಾನಾಗಿಯೇ ಸೋಲದೇವನಹಳ್ಳಿಗೆ ಹರಿಯುವಂತೆ ಮಾಡಿದರು. ಅಲ್ಲಿಂದ ಉಗಿಯಂತ್ರಗಳು ಅದನ್ನು ಗುಡ್ಡಕ್ಕೆ ಏರಿಸಿದವು. ಆ ಗುಡ್ಡಕ್ಕೆ ಚಿಮಣಿ ಹಿಲ್ಸ್ ಎಂಬ ಹೆಸರು ಇಂದಿಗೂ ಇದೆ. ಕಣಿವೆಯಲ್ಲಿ ನಡೆದು ನೋಡಬೇಕಾದ ಅವಶೇಷಗಳಲ್ಲಿ ಈ ಇಟ್ಟಿಗೆ ಕಾಲುವೆಗೇ ಮೊದಲ ಸ್ಥಾನ. ತಗ್ಗು ಬಂದಲ್ಲಿ ಕಾಲುವೆ ಇಟ್ಟಿಗೆ ಕಮಾನುಗಳ ಮೇಲೆ ಹಾಯುತ್ತದೆ, ದಿಬ್ಬ ಬಂದಲ್ಲಿ ನೆಲಕ್ಕೆ ಅಂಟಿಕೊಂಡು ಸಾಗುತ್ತದೆ. ಇಳಿಜಾರು ಎಷ್ಟು ಸಣ್ಣದೆಂದರೆ ನಡೆಯುವವರಿಗೆ ಇಳಿಯುತ್ತಿರುವುದೇ ತಿಳಿಯದು. ಇಂಥ ಕಟ್ಟಡ ಇಂಗ್ಲೆಂಡಿನಲ್ಲಿದ್ದಿದ್ದರೆ ಪಕ್ಕದಲ್ಲಿ ಫಲಕ ನೆಟ್ಟಿರುತ್ತಿದ್ದರು. ಇಲ್ಲಿ ಅದು ಬೆಂಗಳೂರು ಬೆಳೆದಂತೆ ಬಡಾವಣೆಗಳ ನಡುವೆ ಸಿಕ್ಕಿಕೊಂಡಿದೆ.

ಹೆಸರಘಟ್ಟ ಸಾಲದಾದಾಗ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ, ಅರ್ಕಾವತಿಗೆ ಕುಮುದ್ವತಿ ಕೂಡುವ ಕಡೆ, 1933ರಲ್ಲಿ ಚಾಮರಾಜಸಾಗರ ಸಿದ್ಧವಾಯಿತು. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಇಲ್ಲಿಂದ ನೀರು ಹೋದದ್ದು ಪಂಪು, ಕೊಳವೆಗಳಲ್ಲಿ. 1974ರಲ್ಲಿ ಕಾವೇರಿ ನೀರಿನ ಯೋಜನೆಯ ಮೊದಲ ಹಂತ ಬಂದಾಗ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಬಾರಿ ಪಂಪ್ ಮಾಡಿ ಕನಕಪುರ ರಸ್ತೆಯ ದಿಕ್ಕಿನಲ್ಲಿ ನೀರನ್ನು ನಗರಕ್ಕೆ ಎತ್ತಿದರು. ಕೊಳವೆಗಳು ಬಂದ ಮೇಲೆ ಏರಿ ಕಟ್ಟುವ, ನಡೆದು ಕಾಯುವ ಪ್ರಮೇಯ ಕಡಿಮೆಯಾಯಿತು. ಇತ್ತ ಚಾಮರಾಜಸಾಗರದ ಜಲಾನಯನ ಪ್ರದೇಶ ಒಣಗಿ, ಕೊಳಚೆಯೂ ಸೇರಿ, 2012ರ ಹೊತ್ತಿಗೆ ಅಲ್ಲಿಂದ ಬೆಂಗಳೂರಿಗೆ ಪೂರೈಕೆ ನಿಂತಿತು. ಆ ಪ್ರದೇಶವನ್ನು ಕಾಪಾಡುವ ಸರ್ಕಾರಿ ಆದೇಶ 2003ರಲ್ಲೇ ಹೊರಟಿತ್ತು!

ಹಾಗೆಂದು ಹೊಲದ ನಾಲೆಗಳ ಕಾಲ ಮುಗಿದಿರಲಿಲ್ಲ. ಚನ್ನಪಟ್ಟಣದ ಕಣ್ವ ಜಲಾಶಯ ಆದದ್ದು 1946ರಲ್ಲಿ. ಶಿಂಷಾ ಸೇರುವ ಕಣ್ವ ನದಿ ಚಿಕ್ಕದು, ಮಳೆ ನಂಬಿದ್ದು. ಮಳೆ ಕೈಕೊಟ್ಟ ವರ್ಷಗಳಲ್ಲಿ ನಾಲೆಯೇ ಹುಲ್ಲುಗಾವಲು. ಈಗ ಇಗ್ಗಲೂರು ಬ್ಯಾರೇಜಿನಿಂದ ಶಿಂಷಾ ನೀರನ್ನು ಮೇಲೆತ್ತಿ ಕಣ್ವ ಮತ್ತು ಸುತ್ತಲಿನ ಕೆರೆಗಳನ್ನು ತುಂಬಿಸುವುದುಂಟು. ನೀರು ಮೊದಲು ಮೇಲೇರಿ, ಆಮೇಲೆ ಇಳಿಯುತ್ತದೆ.

ಬಿಡದಿ ಬಳಿಯ ಬೈರಮಂಗಲದ ಕಥೆ ಬೇರೆ. 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡಲಾಗಿ ಕಟ್ಟಿದ ಈ ಕೆರೆಯ ನಾಲೆಗಳಲ್ಲಿ ಮಳೆ ಇಲ್ಲದಾಗಲೂ ನೀರು ಹರಿಯುತ್ತದೆ, ಏಕೆಂದರೆ ಅದು ಬೆಂಗಳೂರು ಬಳಸಿ ಬಿಟ್ಟದ್ದು. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಕಾವೇರಿಗಳಿಂದ ಮೇಲೇರಿದ ನೀರಿನ ಒಂದು ಪಾಲು ಕಪ್ಪಾಗಿ, ನೊರೆಗಟ್ಟಿ ಈ ನಾಲೆಗೆ ಮರಳಿತು. ಏರಿಯ ಮೇಲೆ ಮೂಗು ಮುಚ್ಚಿಕೊಳ್ಳದೆ ನಡೆಯುವುದು ಕಷ್ಟ. ಭತ್ತ ಬೆಳೆಯುತ್ತಿದ್ದ ಅಚ್ಚುಕಟ್ಟಿನಲ್ಲಿ ಈಗ ಮೇವಿನ ಹುಲ್ಲು, ಬೇಬಿ ಕಾರ್ನ್ ಕಾಣುತ್ತವೆ. ಕೊಳಚೆ ಕೆರೆಗೆ ಸೇರದಂತೆ ಪಕ್ಕದಲ್ಲೇ ಹಾಯಿಸಲು ತಿರುವು ಕಾಲುವೆಯೊಂದರ ಕಾಮಗಾರಿ ಕೈಗೆತ್ತಿಕೊಂಡಾಗ ಅಲ್ಲಿನ ರೈತರು ವಿರೋಧಿಸಿದರು.