ದೊಗಾನಾ: ಒಂದು ಸುಂಕದ ಕಟ್ಟೆಯ ಪೂರ್ವಿಕರು

ಗಾಲಿಬರ ದೀವಾನ್ ಪಾಠಕ್ಕೆ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಕೇಳೇ ಕೇಳ್ತಾನೆ: "ಸರ್, ದಿವಾನ್ ಅಂದ್ರೆ ಮಂತ್ರಿ ಅಲ್ವಾ? ಕವಿತೆ ಪುಸ್ತಕ ಹೇಗಾಯ್ತು?" ಈ ಪ್ರಶ್ನೆಯ ಬೆನ್ನು ಹತ್ತಿದರೆ ನೀವು ಇಟಲಿಗೂ ಹೋಗಿ ಬರಬೇಕಾಗುತ್ತದೆ.

ವೆನಿಸ್‌ನಲ್ಲಿ 17ನೇ ಶತಮಾನದ ಒಂದು ಕಟ್ಟಡವಿದೆ, ಪುಂತಾ ದೆಲ್ಲಾ ದೊಗಾನಾ. ದೊಗಾನಾ ಎಂದರೆ ಸುಂಕದ ಕಟ್ಟೆ. ಈ ಇಟಾಲಿಯನ್ ಪದ ಲ್ಯಾಟಿನ್‌ನಿಂದ ಹುಟ್ಟಿದ್ದಲ್ಲ; ಅದು ಅರಬಿಯ ದೀವಾನ್. ಅರಬರ ಬಂದರುಗಳಲ್ಲಿ ಸುಂಕದ ಕಚೇರಿಗೆ ದೀವಾನ್ ಎನ್ನುತ್ತಿದ್ದರು. 1183ರಲ್ಲಿ ಹಜ್‌ಗೆ ಹೊರಟ ಇಬ್ನ್ ಜುಬೈರ್, ಅಲೆಕ್ಸಾಂಡ್ರಿಯಾದ ದೀವಾನ್‌ನಲ್ಲಿ ಯಾತ್ರಿಕರ ಗಂಟುಮೂಟೆ ಬಿಚ್ಚಿ ಜಾಲಾಡಿದ್ದನ್ನು ನೊಂದು ಬರೆದಿದ್ದಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು! ಅವರು ಹೋಗಿದ್ದು ಜಿನೋವಾದವರ ಹಡಗಿನಲ್ಲಿ. ಅಂಥ ವ್ಯಾಪಾರಿಗಳ ಬಾಯಲ್ಲಿ ಪದ ದಾಟಿತು. ಸಿಸಿಲಿಯ ನಾರ್ಮನ್ ರಾಜರಂತೂ ಅರಬಿ ಗುಮಾಸ್ತರನ್ನೇ ಇಟ್ಟುಕೊಂಡಿದ್ದರು. ಅಲ್ಲಿನ ಲ್ಯಾಟಿನ್ ಕಡತಗಳಲ್ಲಿ ದೀವಾನ್ 'ದುವಾನಾ' ಆಯಿತು.

ಹಾಗಾದ್ರೆ ಇದು ಅರಬಿ ಪದ ಅಂತ ಬೀಗೋಣವೇ? ಸ್ವಲ್ಪ ತಡೀರಿ. ಖಲೀಫಾ ಹಜ್ರತ್ ಉಮರ್ ಅವರ ಕಾಲದಲ್ಲಿ ಖಜಾನೆಯಿಂದ ಭತ್ಯೆ ಪಡೆಯುವವರ ಹೆಸರು ಬರೆದಿಟ್ಟ ದಫ್ತರವೇ ದೀವಾನ್. ಆ ಹೆಸರನ್ನು ಅರಬರು ಪಡೆದದ್ದು ಪಾರಸಿಯಿಂದ. ದಫ್ತರ ಇಡುವ ಜಾಗ ಕಚೇರಿಯಾಯಿತು, ಕಚೇರಿ ನಡೆಸುವವನು ನಮ್ಮ ಮೈಸೂರಿನ ದಿವಾನನಾದ, ಕವಿತೆಗಳನ್ನು ಕೂಡಿಟ್ಟ ಪುಸ್ತಕ ಗಾಲಿಬರ ದೀವಾನ್ ಆಯಿತು. ಹುಡುಗನ ಪ್ರಶ್ನೆಗೆ ಉತ್ತರ ಇಷ್ಟೇ.

ಪದದ ದಾರಿ ಮಾತ್ರ ಇನ್ನೂ ಹಿಂದಕ್ಕಿದೆ. ದೀವಾನ್‌ನ ಮೊದಲ ತುಣುಕು ಹಳೆಯ ಪಾರಸಿಯ 'ದಿಪಿ', ಅಂದರೆ ಬರಹ, ಶಾಸನ. ಉರ್ದು ಓದಿದವರಿಗೆ ಗೊತ್ತಿರುವ 'ದಬೀರ್' (ಬರಹಗಾರ) ಇದೇ ಮನೆಯದು. ದಿಪಿ ಬಂದದ್ದು ಎಲಾಮೈಟ್ ಭಾಷೆಯಿಂದ, ಅದಕ್ಕೂ ಹಿಂದೆ ಅಕ್ಕೇಡಿಯನ್ನಿನ 'ತುಪ್ಪು', ಎಲ್ಲಕ್ಕೂ ಹಿಂದೆ ಸುಮೇರಿಯನ್ನಿನ 'ದುಬ್'. ದುಬ್ ಎಂದರೆ ಬರೆಯುವ ಮಣ್ಣಿನ ಹಲಗೆ.

ಇನ್ನೊಂದು ಕವಲು ನಮ್ಮ ಕಡೆಗೇ ಬಂತು. ಇಂದಿನ ಪಾಕಿಸ್ತಾನದ ಶಹಬಾಜ್‌ಗಢಿಯ ಶಾಸನದಲ್ಲಿ ಅಶೋಕ ತನ್ನ ಬರಹವನ್ನು 'ದಿಪಿ' ಎಂದೇ ಕರೆದಿದ್ದಾನೆ. ಬೇರೆ ಕಡೆ ಅದು 'ಲಿಪಿ'. ಹೌದು, ನೀವು ಈಗ ಓದುತ್ತಿರುವ ಕನ್ನಡ ಲಿಪಿಯ ಲಿಪಿಯೇ! ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬರೆದವನು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ತಾನು 'ಲಿಪಿಕಾರ' ಎಂಬ ಒಂದು ಮಾತನ್ನು ಮಾತ್ರ ಅವನು ವಾಯವ್ಯದ ಖರೋಷ್ಠಿ ಅಕ್ಷರಗಳಲ್ಲಿ, ನಮ್ಮ ಉರ್ದುವಿನ ಹಾಗೆ ಬಲದಿಂದ ಎಡಕ್ಕೆ, ಕೆತ್ತಿಟ್ಟಿದ್ದಾನೆ.