ಬಳ್ಳಿಗಾವಿಯ ಮದ್ದಳೆಗಾರ

ಕಾಲೇಜು ದಿನಗಳಲ್ಲಿ ಗೆಳೆಯರ ತಂಡದಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಜನ ಹಾಡಿದವರನ್ನು ಸುತ್ತುವರಿಯುತ್ತಿದ್ದರು. ನನ್ನನ್ನು ಕೇಳುತ್ತಿದ್ದದ್ದು ಒಂದೇ: "ನೀನು ಏನು ಬಾರಿಸ್ತಿದ್ದೆ ಮಾರಾಯ?" ರಜೆಗೆ ಸೊರಬಕ್ಕೆ ಬಂದು ಯಕ್ಷಗಾನಕ್ಕೆ ಹೋದರೆ ನನ್ನ ಕಿವಿ ಮದ್ದಳೆಯ ಎಡಮುಚ್ಚಿಗೆಯ ಕಡೆಗೇ ವಾಲುತ್ತಿತ್ತು. ಆ ಕೆಳದನಿ ಅಷ್ಟು ಹೊತ್ತು ಇತ್ತೆಂಬುದು ಅದು ನಿಂತಾಗಲೇ ತಿಳಿಯುತ್ತದೆ.

ಅಲ್ಲಮಪ್ರಭುವಿನ ಬಳಿಗೆ ನಾನು ಹೋದದ್ದು ಈ ದಾರಿಯಿಂದ. ಶೂನ್ಯಪೀಠದ ಅಲ್ಲಮ, ಗುಹೇಶ್ವರ ಅಂಕಿತದ ಅಲ್ಲಮ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಆತ ಮದ್ದಳೆಗಾರ. ಊರು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ.

12ನೇ ಶತಮಾನದ ಬಳ್ಳಿಗಾವಿ ಬನವಾಸಿ ನಾಡಿನ ದೊಡ್ಡ ಪಟ್ಟಣ. ಅಲ್ಲಿನ ಕೇದಾರೇಶ್ವರಕ್ಕೆ ಸೇರಿದ ಕೋಡಿಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಕಲಿಕೆಯ ಜೊತೆಗೆ ಅಲ್ಲಿ ಅನ್ನದಾನವೂ ನಡೆಯುತ್ತಿತ್ತು. ಉಣ್ಣುವವರ ಪಟ್ಟಿಯಲ್ಲಿ ದೀನರು, ಕುಂಟರು, ಕುರುಡರ ಜೊತೆಗೇ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು ಬರುತ್ತಾರೆ. ಮದ್ದಳೆಗಾರನೊಬ್ಬ ಬೆಳೆಯಲು ಬೇಕಾದ ಊರು ಅದು. ಅವನ ಸ್ಥಾನ ಎಲ್ಲಿತ್ತೆಂಬುದನ್ನೂ ಆ ಪಟ್ಟಿಯೇ ಹೇಳುತ್ತದೆ.

ಹರಿಹರನ 'ಪ್ರಭುದೇವರ ರಗಳೆ'ಯಲ್ಲಿ ಅಲ್ಲಮ ನಾಗವಾಸಾಧಿಪತಿಯ ಮಗ. ದೇವಾಲಯದ ಕುಣಿತ, ವಾದನಗಳಿಗೆ ಸೇರಿದ ಮನೆತನದವನು. ಕಮಲತೆಯನ್ನು ಪ್ರೀತಿಸುತ್ತಾನೆ. ಜ್ವರ ಬಂದು ಅವಳು ಸಾಯುತ್ತಾಳೆ. ಹುಚ್ಚನಂತೆ ಅಲೆದು, ಒಂದು ತೋಟದಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆದರುವಾಗ ಹೂತುಹೋದ ಗುಡಿಯ ಕಳಶ ಕಾಣುತ್ತದೆ. ಅದರೊಳಗೆ ಅಂಗೈಯಲ್ಲಿ ಲಿಂಗ ಹಿಡಿದ ಅನಿಮಿಷಯ್ಯ. ಅಲ್ಲಿಂದ ಅಲ್ಲಮನ ಬದುಕು ಬೇರೆ.

15ನೇ ಶತಮಾನದ ಚಾಮರಸ 'ಪ್ರಭುಲಿಂಗಲೀಲೆ'ಯಲ್ಲಿ ಇದನ್ನೆಲ್ಲ ಬದಲಿಸಿದ. ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಸೊರಬದ ಗಡಿಯಾಚೆಗಿನ ಬನವಾಸಿಯಲ್ಲಿ, ಮಧುಕೇಶ್ವರನ ಗುಡಿಯಲ್ಲಿ ಅಲ್ಲಮ ಮದ್ದಳೆ ನುಡಿಸುತ್ತಾನೆ. ಮಾಯಾದೇವಿ ಮರುಳಾಗುತ್ತಾಳೆ, ಅವನಿಗೆ ಏನೂ ಅಂಟುವುದಿಲ್ಲ. ಪ್ರೀತಿಯಿಲ್ಲ, ಹಾಗಾಗಿ ದುಃಖವೂ ಇಲ್ಲ.

ಚಾಮರಸನ ಕಾವ್ಯ ದೊಡ್ಡದು, ನಿಜ. ಆದರೂ ಅವನು ಅಲ್ಲಮನನ್ನು ಎತ್ತರಕ್ಕೇರಿಸುವ ಭರದಲ್ಲಿ ಮದ್ದಳೆಗಾರರ ಮನೆಯಿಂದ ಬಿಡಿಸಿಕೊಂಡುಬಿಟ್ಟ ಅನ್ನಿಸುತ್ತದೆ. ಲೀಲೆಗೆ ಬಂದವನಿಗೆ ಮದ್ದಳೆ ಒಂದು ವೇಷ. ಹರಿಹರನ ಹುಡುಗನಿಗೆ ಅದು ಕಸುಬು, ಹೊಟ್ಟೆಪಾಡು, ಪ್ರೀತಿ. ಶಾಸನದ ಪಟ್ಟಿಯಲ್ಲಿ ಕುರುಡರ ಪಕ್ಕ ಕೂತು ಉಂಡವರ ಪೈಕಿಯವನೊಬ್ಬ ಮುಂದೆ ಕಲ್ಯಾಣದ ಅನುಭವಮಂಟಪದಲ್ಲಿ ಶೂನ್ಯಪೀಠದ ಮೇಲೆ ಕೂತನೆಂದರೆ, ಅದು ಯಾವ ಅವತಾರದ ಕಥೆಗಿಂತಲೂ ದೊಡ್ಡದು.

ಅಲ್ಲಮ ಮದ್ದಳೆ ಬಿಟ್ಟನೇ ಹೊರತು ಲಯವನ್ನಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ. ಅವನ ವಚನಗಳಲ್ಲಿ ಶಬ್ದ, ನಿಶ್ಶಬ್ದ, ಬಯಲು ಮತ್ತೆ ಮತ್ತೆ ಬರುತ್ತವೆ. ಪೆಟ್ಟು ಎಷ್ಟು ಮುಖ್ಯವೋ ಎರಡು ಪೆಟ್ಟಿನ ನಡುವಿನ ಖಾಲಿಯೂ ಅಷ್ಟೇ ಮುಖ್ಯ. ಇದನ್ನು ಮದ್ದಳೆಗಾರನಿಗೆ ಯಾರೂ ಹೇಳಿಕೊಡಬೇಕಿಲ್ಲ, ಅವನ ಬೆರಳಿಗೇ ಗೊತ್ತು. ಗುಹೆಯೊಳಗಿನ ಖಾಲಿಯನ್ನು ದೇವರೆಂದು ಕರೆಯಲು ಅವನಿಗೆ ಬಹಳ ದೂರ ಹೋಗಬೇಕಿರಲಿಲ್ಲ.

ಕಳೆದ ಸಲ ಬಳ್ಳಿಗಾವಿಗೆ ಹೋದಾಗ ಕೇದಾರೇಶ್ವರದ ಕಂಬಗಳ ನಡುವೆ ಸುಮ್ಮನೆ ಕೂತಿದ್ದೆ. ಮನೆಗೆ ಬಂದು, ಅಟ್ಟದ ಮೇಲಿದ್ದ ಗಿಟಾರ್ ಇಳಿಸಿ ಧೂಳು ಒರೆಸಿದೆ.