ಪ್ರಾಸ್ಟೇಟ್ ಕ್ಯಾನ್ಸರ್ ಹರಡುವಿಕೆ: ಅಣುಸಂಕೇತಗಳ ಶೋಧದ ಇತಿಹಾಸ

ಪ್ರಾಸ್ಟೇಟ್, ಗಂಡಸರ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಗ್ರಂಥಿ. ಅಲ್ಲಿ ಹುಟ್ಟಿದ ಕ್ಯಾನ್ಸರ್ ಹಬ್ಬಿದರೆ ಬಹುಪಾಲು ಮೂಳೆಗೇ, ಅದರಲ್ಲೂ ಬೆನ್ನೆಲುಬು ಮತ್ತು ಸೊಂಟದ ಮೂಳೆಗೆ ಹೋಗುತ್ತದೆ. ಮೂಳೆಯೇ ಏಕೆ ಎಂಬ ಪ್ರಶ್ನೆಗೆ ಬಂದ ಮೊದಲ ಉತ್ತರಗಳಲ್ಲಿ ಅಣುಗಳ ಮಾತಿರಲಿಲ್ಲ. 1889ರಲ್ಲಿ ಲಂಡನ್ನಿನ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ಸತ್ತವರ ದಾಖಲೆ ನೋಡಿ, ಕ್ಯಾನ್ಸರ್ ಕೋಶವೆಂಬ ಬೀಜ ಎಲ್ಲೆಡೆ ಬಿದ್ದರೂ ಒಗ್ಗಿದ ಮಣ್ಣಿನಲ್ಲಷ್ಟೇ ಮೊಳೆಯುತ್ತದೆ ಎಂದ. 1940ರಲ್ಲಿ ಆಸ್ಕರ್ ಬ್ಯಾಟ್ಸನ್, ಕಿಬ್ಬೊಟ್ಟೆಯ ರಕ್ತ ಬೆನ್ನೆಲುಬಿನ ಕವಾಟವಿಲ್ಲದ ಅಭಿಧಮನಿಗಳಿಗೆ ನುಗ್ಗಬಲ್ಲದೆಂದು ತೋರಿಸಿದ. ದಾರಿ ಗೊತ್ತಾಯಿತು, ಆದರೆ ಅಲ್ಲಿಗೆ ತಲುಪಿದ ಜೀವಕೋಶ ಬದುಕಿ ಉಳಿಯುವುದು ಹೇಗೆಂಬುದು ಗೊತ್ತಾಗಲಿಲ್ಲ.

ತಿರುವು ಬಂದದ್ದು 1941ರಲ್ಲಿ. ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ವೃಷಣಗಳನ್ನು ತೆಗೆದಾಗ ಮೂಳೆಗೆ ಹಬ್ಬಿದ್ದ ಕಾಯಿಲೆಯೂ ಹಿಂಜರಿಯಿತು; ಕಾಯಿಲೆಯ ಗುರುತಾಗಿ ರಕ್ತದಲ್ಲಿ ಏರುವ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಇಳಿಯಿತು. ಗಡ್ಡೆ ಗಂಡು ಹಾರ್ಮೋನಿನ ಸಂಕೇತವನ್ನು ನಂಬಿ ಬದುಕಿದೆ ಎಂಬುದಕ್ಕೆ ಇದೇ ಪುರಾವೆ. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಆದರೆ ಕೆಲ ಕಾಲದ ಬಳಿಕ ಕಾಯಿಲೆ ಮರಳುತ್ತಿತ್ತು. ಹಾರ್ಮೋನಿಲ್ಲದೆ ಅದು ಬೆಳೆಯುತ್ತಿದೆ ಎಂದೇ ದಶಕಗಳ ಕಾಲ ಭಾವಿಸಲಾಗಿತ್ತು.

ಆ ಎಣಿಕೆ ಅರ್ಧ ಮಾತ್ರ ಸರಿ. 1988ರಲ್ಲಿ ಗಂಡು ಹಾರ್ಮೋನನ್ನು ಹಿಡಿಯುವ ಆಂಡ್ರೊಜನ್ ಗ್ರಾಹಿಯ ವಂಶವಾಹಿ ಸಿಕ್ಕ ಮೇಲೆ ಒಳಗುಟ್ಟು ಬಿಚ್ಚಿಕೊಂಡಿತು: ಜೀವಕೋಶ ಗ್ರಾಹಿಯ ಪ್ರಮಾಣ ಹೆಚ್ಚಿಸಿಕೊಂಡು ಅತ್ಯಲ್ಪ ಹಾರ್ಮೋನನ್ನೂ ಹಿಡಿಯುತ್ತದೆ, ಇಲ್ಲವೇ ತಾನೇ ಹಾರ್ಮೋನ್ ತಯಾರಿಸಿಕೊಳ್ಳುತ್ತದೆ. ಎಆರ್-ವಿ7 ಎಂಬ ಮೊಟಕು ಗ್ರಾಹಿಗಂತೂ ಹಾರ್ಮೋನು ಕೂರುವ ಭಾಗವೇ ಇಲ್ಲ. ಅದು ಸದಾ ಚಾಲೂ. ಹಾರ್ಮೋನಿನ ತಯಾರಿಯನ್ನೇ ತಡೆಯುವ ಅಬಿರಟೆರೋನ್ 2011ರಲ್ಲಿ ಅಮೆರಿಕದಲ್ಲಿ ಮಂಜೂರಾದದ್ದು ಈ ತಿಳಿವಳಿಕೆಯ ಫಲ.

ಮೂಳೆಯ ಕಡೆಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಮಜ್ಜೆ ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನು ಸೂಸುತ್ತದೆ. ಅದರ ಗ್ರಾಹಿಯುಳ್ಳ ಕ್ಯಾನ್ಸರ್ ಕೋಶ ಅತ್ತ ಸರಿಯುತ್ತದೆ. ಅಲ್ಲಿ ನೆಲೆನಿಂತು ಮೂಳೆ ಕಟ್ಟುವ, ಕರಗಿಸುವ ಕೋಶಗಳೆರಡನ್ನೂ ಕೆಣಕುತ್ತದೆ. ಕರಗಿದ ಮೂಳೆಯಿಂದ ಟಿಜಿಎಫ್-ಬೀಟಾದಂಥ ಬೆಳವಣಿಗೆ ಅಂಶಗಳು ಹೊರಬಂದು ಗಡ್ಡೆಯನ್ನೇ ಮತ್ತೆ ಪೋಷಿಸುತ್ತವೆ. ಪ್ಯಾಜೆಟ್ ಹೇಳಿದ ಮಣ್ಣು ಸುಮ್ಮನೆ ಬಿದ್ದುಕೊಂಡಿರಲಿಲ್ಲ. ಕೋಶದೊಳಗಿನ ಕಾರಣಗಳೂ ಒಂದೊಂದಾಗಿ ಹೊರಬಿದ್ದವು: 1997ರಲ್ಲಿ ಗಡ್ಡೆಯನ್ನು ತಡೆಯುವ ಪಿಟೆನ್ ಎಂಬ ವಂಶವಾಹಿ, 2002ರಲ್ಲಿ ಸೂರ್ಯನಾರಾಯಣ ವಾರಂಬಳ್ಳಿ ಮೊದಲ ಲೇಖಕರಾಗಿದ್ದ, ಹಬ್ಬಿದ ಗಡ್ಡೆಗಳಲ್ಲಿ ಇಜೆಡ್‌ಎಚ್2 ಪ್ರೋಟೀನಿನ ಹೆಚ್ಚಳ ತೋರಿಸಿದ ಅಧ್ಯಯನ, 2005ರಲ್ಲಿ ಅರುಳ್ ಚಿನ್ನಯ್ಯನ್ ತಂಡ ಕಂಡ ಟಿಎಂಪಿಆರ್‌ಎಸ್‌ಎಸ್2-ಇಆರ್‌ಜಿ ವಂಶವಾಹಿಗಳ ಬೆಸುಗೆ.

ಈ ಶೋಧಗಳೆಲ್ಲ ಪ್ರಯೋಗಾಲಯದವು; ಮಹಾರಾಷ್ಟ್ರದ ಸೊಲ್ಲಾಪುರ ಸೀಮೆಗೂ ಕ್ಯಾನ್ಸರ್ ಇತಿಹಾಸದಲ್ಲಿ ಜಾಗವಿದೆ, ಪ್ರಯೋಗಾಲಯದಿಂದಲ್ಲ, ದಾಖಲೆಯಿಂದ. ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಮೊದಲಿನ ವ್ಯಾಪ್ತಿ ಬಾರ್ಶಿ, ಪರಂಡಾ ಮತ್ತು ಭೂಮ್ ತಾಲೂಕು. ಸಿಬ್ಬಂದಿ ರೋಗಿಗಾಗಿ ಆಸ್ಪತ್ರೆಯಲ್ಲಿ ಕಾಯದೆ ಹಳ್ಳಿಗೇ ಹೋಗಿ, ಲಕ್ಷಣ ತಿಳಿಹೇಳಿ, ಅನುಮಾನವಿದ್ದವರನ್ನು ತಪಾಸಣೆಗೆ ಕರೆತರುತ್ತಿದ್ದರು.  ಪ್ರಾಸ್ಟೇಟ್ ಕ್ಯಾನ್ಸರಿಗೆ ಇಂಥ ಹುಡುಕಾಟ ಮುಖ್ಯ, ಏಕೆಂದರೆ ವಯಸ್ಸಾದವರ ಟೊಂಕನೋವನ್ನು ಹೊಲದ ದುಡಿಮೆಯ ಲೆಕ್ಕಕ್ಕೆ ಹಾಕುವುದು ಸುಲಭ. ಪಿಎಸ್‌ಎ ಎಂಬ, ಈ ಕ್ಯಾನ್ಸರಿನ ಸುಳಿವು ಕೊಡುವ ರಕ್ತಪರೀಕ್ಷೆಗೆ ಹೋಗುವಷ್ಟರಲ್ಲಿ ಕಾಯಿಲೆ ಮೂಳೆ ಮುಟ್ಟಿರಬಹುದು. ಆಗ ಗಂಡು ಹಾರ್ಮೋನು ಇಳಿಸುವ ಚುಚ್ಚುಮದ್ದಿನ ತಿಂಗಳುಗಟ್ಟಲೆಯ ಖರ್ಚು ತಾಳದ ಮನೆಗಳಿಗೆ, ಒಂದೇ ಬಾರಿಗೆ ಮುಗಿಯುವ ಹಗಿನ್ಸ್‌ನ ಶಸ್ತ್ರಚಿಕಿತ್ಸೆ ಭಾರತದಲ್ಲಿ ಇಂದಿಗೂ ಬಳಕೆಯಲ್ಲಿದೆ.